ನಷ್ಟದ ಲೆಕ್ಕ ಮತ್ತು ಊರಿನ ದನಿ

ವರ್ತಕರ ಸಂಘವೊಂದು ಇಡೀ ಊರಿನ ಪರವಾಗಿ ಮಾತನಾಡುತ್ತಿದೆ ಎಂದು ಕೇಳಿದ ಕೂಡಲೇ ನಮ್ಮಲ್ಲಿ ಬಹುತೇಕರಿಗೆ ಮೊದಲು ಬರುವುದು ಅನುಮಾನ. ಈ ಅನುಮಾನ ನಮ್ಮ ಭಾಷೆಯೊಳಗೇ ಕೂತುಬಿಟ್ಟಿದೆ. ‘ಹಿತ’ ಒಳ್ಳೆಯ ಪದ, ‘ಆಸಕ್ತಿ’ಯೂ ಒಳ್ಳೆಯ ಪದ. ಎರಡೂ ಸೇರಿ ‘ಹಿತಾಸಕ್ತಿ’ ಆಯಿತೆಂದರೆ ಪತ್ರಿಕೆಗಳು ಅದರ ಮುಂದೆ ‘ಪಟ್ಟಭದ್ರ’ ಎಂಬ ವಿಶೇಷಣವನ್ನು ಅಂಟಿಸಿಬಿಡುತ್ತವೆ. ಕರ್ನಾಟಕದ ಬಂದ್ ಸುದ್ದಿಗಳನ್ನು ಓದಿದವರಿಗೆ ಇನ್ನೊಂದು ನುಡಿಗಟ್ಟೂ ಗೊತ್ತು: ‘ನೈತಿಕ ಬೆಂಬಲ ಮಾತ್ರ’. ಅಂದರೆ, ಹೋರಾಟ ಸರಿಯಾದದ್ದೇ, ಆದರೆ ಅಂಗಡಿ ತೆರೆದಿರುತ್ತದೆ. ನೈತಿಕತೆಗೂ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ಗೋಡೆ ಇದೆ ಎಂದು ನಾವು ನಂಬಿದ್ದೇವೆ. ಯಾರು ಗೋಡೆಯ ಆ ಕಡೆ ಕೂತಿದ್ದಾರೋ ಅವರು ಈ ಕಡೆಯವರ ಪರವಾಗಿ ಮಾತನಾಡಲಾರರು ಎಂಬುದು ನಮ್ಮ ಎಣಿಕೆ.

ಪ್ರಾತಿನಿಧ್ಯ ಎಂಬ ಪರಿಕಲ್ಪನೆಯ ಸುತ್ತ ಸಂಶೋಧನೆ ಮಾಡುತ್ತಿರುವ ನನಗೆ ಈ ಎಣಿಕೆಯನ್ನು ಪರೀಕ್ಷಿಸಿ ನೋಡಬೇಕೆನಿಸಿದ್ದು ಸ್ಕಾಟ್ಲೆಂಡಿನ ಒಂದು ಸಣ್ಣ ದ್ವೀಪದ ಪ್ರಕರಣದಿಂದ. ಲಾಭಕ್ಕಾಗಿ ದುಡಿಯುವವರ ಗುಂಪೊಂದು ಸಮುದಾಯದ ದನಿಯಾಗಬಹುದೇ? ಆಗಬಹುದಾದರೆ ಯಾವ ಅಧಿಕಾರದಿಂದ, ಎಲ್ಲಿಯವರೆಗೆ?

*

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಉದ್ದಕ್ಕೆ ಹರಡಿಕೊಂಡ ದ್ವೀಪಸಾಲು ಔಟರ್ ಹೆಬ್ರಿಡೀಸ್. ಅದರ ದಕ್ಷಿಣ ಭಾಗದಲ್ಲಿರುವ ದ್ವೀಪ ಸೌತ್ ಯೂಯಿಸ್ಟ್. 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು 1,754 ಜನ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗೇಲಿಕ್ ಭಾಷೆ ಬಲ್ಲವರು. ಪೂರ್ವದ ಬಂದರು ಲಾಕ್‌ಬಾಯ್ಸ್‌ಡೇಲ್. ಅಲ್ಲಿಂದ ಮುಖ್ಯಭೂಮಿಯ ಮ್ಯಾಲೆಗ್ ಬಂದರಿಗೆ ಹಡಗಿನಲ್ಲಿ ಮೂರೂವರೆ ಗಂಟೆಯ ದಾರಿ. ಜನ, ಕಾರು, ಲಾರಿ, ಕುರಿ, ಏಡಿ, ಔಷಧಿ, ಅಂಚೆ ಎಲ್ಲಕ್ಕೂ ಈ ಹಡಗುದಾರಿ ಬೇಕು.

ಹಡಗು ಓಡಿಸುವುದು ಕ್ಯಾಲ್‌ಮ್ಯಾಕ್ ಎಂಬ ಸರ್ಕಾರಿ ಒಡೆತನದ ಕಂಪನಿ. ಅದರ ಹಲವು ಹಡಗುಗಳಿಗೆ ವಯಸ್ಸಾಗಿದೆ. ಲಾಕ್‌ಬಾಯ್ಸ್‌ಡೇಲ್ ದಾರಿಯ ‘ಲಾರ್ಡ್ ಆಫ್ ದಿ ಐಲ್ಸ್’ ಕಟ್ಟಿದ್ದು 1989ರಲ್ಲಿ. ಹೊಸ ಹಡಗುಗಳ ಕಥೆ ಇನ್ನೂ ವಿಚಿತ್ರ. 2015ರಲ್ಲಿ 9.7 ಕೋಟಿ ಪೌಂಡ್‌ಗೆ ಎರಡು ಹಡಗುಗಳನ್ನು ಕಟ್ಟಲು ಗುತ್ತಿಗೆ ಕೊಡಲಾಯಿತು. 2018ರಲ್ಲಿ ನೀರಿಗಿಳಿದು ಓಡಾಡಬೇಕಿದ್ದ ಮೊದಲ ಹಡಗು ‘ಗ್ಲೆನ್ ಸ್ಯಾನಕ್ಸ್’ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ. ವೆಚ್ಚ ಹಲವು ಪಟ್ಟು ಏರಿತ್ತು. 2017ರ ನವೆಂಬರಿನಲ್ಲಿ ಆ ಹಡಗಿನ ವಿಧ್ಯುಕ್ತ ಜಲಾವತರಣ ನಡೆದಾಗ ಚಾಲಕರ ಕೋಣೆಗೆ ಇನ್ನೂ ಕಿಟಕಿಗಳನ್ನು ಕೂರಿಸಿರಲಿಲ್ಲ. ಕಿಟಕಿಗಳಂತೆ ಕಾಣಲೆಂದು ಕಪ್ಪು ಬಣ್ಣ ಬಳಿದಿದ್ದರು.

ಹೀಗೆ ಹಡಗುಗಳ ಕೊರತೆ ಇದ್ದಾಗ, ಒಂದು ಕೆಟ್ಟರೆ ಇನ್ನೊಂದು ದಾರಿಯ ಹಡಗನ್ನು ಅಲ್ಲಿಗೆ ಎಳೆಯಬೇಕು. 2023ರ ಜೂನ್‌ನಲ್ಲಿ ಆ ಪಾಳಿ ಸೌತ್ ಯೂಯಿಸ್ಟಿಗೆ ಬಂತು. ಬಹುತೇಕ ಇಡೀ ತಿಂಗಳು ಲಾಕ್‌ಬಾಯ್ಸ್‌ಡೇಲ್‌ಗೆ ಹಡಗು ಇಲ್ಲ ಎಂಬ ಪ್ರಕಟಣೆ ಹೊರಟಿತು. ಉತ್ತರದ ದೇಶಗಳಲ್ಲಿ ಜೂನ್ ಅಂದರೆ ಪ್ರವಾಸಿಗರ ತಿಂಗಳು. ವರ್ಷದ ದುಡಿಮೆಯ ದೊಡ್ಡ ಪಾಲು ಬರುವ ಕೆಲವೇ ವಾರಗಳಲ್ಲಿ ಅದೂ ಸೇರಿದೆ. ಜೂನ್ 4ರ ಭಾನುವಾರ ಸುಮಾರು 500 ಜನ, ಸುಮಾರು 200 ಕಾರು, ವ್ಯಾನು, ಲಾರಿಗಳೊಂದಿಗೆ ಹಡಗಿಲ್ಲದ ಆ ಬಂದರಿಗೆ ಬಂದು ನಿಂತರು. ಇದನ್ನು ಸಂಘಟಿಸಿದ್ದು ರಾಜಕೀಯ ಪಕ್ಷವಲ್ಲ, ಚರ್ಚ್ ಅಲ್ಲ. ‘ಸೌತ್ ಯೂಯಿಸ್ಟ್ ಬಿಸಿನೆಸ್ ಇಂಪ್ಯಾಕ್ಟ್ ಗ್ರೂಪ್’ ಎಂಬ ಸ್ಥಳೀಯ ಉದ್ಯಮಿಗಳ ಗುಂಪು. ನೈತಿಕ ಬೆಂಬಲ ಕೊಟ್ಟು ಅಂಗಡಿಯಲ್ಲಿ ಕೂರುವವರೇ ಇಲ್ಲಿ ಹೋರಾಟದ ಮುಂಚೂಣಿಯಲ್ಲಿದ್ದರು.

*

ಅನುಮಾನವನ್ನು ಮೊದಲು ಅದರ ಪೂರ್ತಿ ಬಲದಲ್ಲಿ ಮಂಡಿಸಬೇಕು. ವ್ಯಾಪಾರಿಗಳ ಸಂಘಗಳ ಬಗ್ಗೆ ಅತ್ಯಂತ ಕಟುವಾಗಿ ಬರೆದವರಲ್ಲಿ ಒಬ್ಬನು ಸ್ವತಃ ಸ್ಕಾಟ್ಲೆಂಡಿನವನು, ಅದೂ ಮಾರುಕಟ್ಟೆಯ ಪರ ಎಂದು ನಾವು ನೆನೆಯುವ ಆ್ಯಡಮ್ ಸ್ಮಿತ್. ಒಂದೇ ಕಸುಬಿನವರು ಒಟ್ಟಿಗೆ ಸೇರಿದರೆ ಮಾತು ಕೊನೆಗೆ ಬೆಲೆ ಏರಿಸುವ ಉಪಾಯದತ್ತ, ಸಾರ್ವಜನಿಕರ ವಿರುದ್ಧದ ಹೂಟದತ್ತ ಹೊರಳುತ್ತದೆ ಎಂಬರ್ಥದ ಎಚ್ಚರಿಕೆಯನ್ನು ಅವನು 1776ರಲ್ಲೇ ಕೊಟ್ಟಿದ್ದ. ಅವನಿಗಿಂತ ಸ್ವಲ್ಪ ಮುಂಚೆ, 1762ರಲ್ಲಿ, ರೂಸೋ ಇದನ್ನೇ ಇನ್ನೊಂದು ದಾರಿಯಿಂದ ಹೇಳಿದ್ದ: ಸಂಘವೊಂದರ ಇಚ್ಛೆ ಅದರ ಸದಸ್ಯರ ಮಟ್ಟಿಗೆ ಸಾಮಾನ್ಯ ಇಚ್ಛೆಯಂತೆ ಕಾಣುತ್ತದೆ, ಆದರೆ ಇಡೀ ಸಮಾಜದ ಎದುರು ನಿಲ್ಲಿಸಿದರೆ ಅದು ಖಾಸಗಿ ಇಚ್ಛೆಯೇ. ಸಂಘದೊಳಗಿದ್ದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ಇದರಲ್ಲಿರುವ ಅಪಾಯ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ತಮ್ಮ ಹಿತವನ್ನೇ ಎಲ್ಲರ ಹಿತ ಎಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಈ ದ್ವೀಪಗಳ ಇತಿಹಾಸವೇ ಸ್ಮಿತ್ ಮತ್ತು ರೂಸೋರಿಗೆ ಸಾಕ್ಷಿ ಹೇಳುತ್ತದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಹೆಬ್ರಿಡೀಸ್ ದ್ವೀಪಗಳ ದೊಡ್ಡ ಉದ್ಯಮ ಕೆಲ್ಪ್. ಕಡಲ ಪಾಚಿಯನ್ನು ಕೊಯ್ದು, ಒಣಗಿಸಿ, ಸುಟ್ಟು ತೆಗೆದ ಕ್ಷಾರ ಸೋಪು ಮತ್ತು ಗಾಜಿನ ತಯಾರಿಕೆಗೆ ಬೇಕಿತ್ತು. ತಣ್ಣನೆಯ ನೀರಿನಲ್ಲಿ ನಿಂತು ಪಾಚಿ ಕೊಯ್ಯುವವರು ಬಡ ಗೇಣಿದಾರರು, ಲಾಭ ಭೂಮಾಲೀಕರದು. ಜನ ಅಮೆರಿಕ ಖಂಡಕ್ಕೆ ವಲಸೆ ಹೋಗತೊಡಗಿದಾಗ ಭೂಮಾಲೀಕರಿಗೆ ಕೂಲಿಗಳು ಕೈತಪ್ಪುವ ಭಯ ಹುಟ್ಟಿತು. 1803ರಲ್ಲಿ ಬ್ರಿಟಿಷ್ ಸಂಸತ್ತು ವಲಸಿಗರ ಹಡಗುಗಳ ಸ್ಥಿತಿ ಸುಧಾರಿಸುವ ಕಾನೂನೊಂದನ್ನು ತಂದಿತು. ಹಡಗಿನಲ್ಲಿ ಎಷ್ಟು ಜನ ಇರಬೇಕು, ಎಷ್ಟು ಆಹಾರ ಇರಬೇಕು ಎಂಬ ಮಾನವೀಯ ನಿಯಮಗಳು ಅದರಲ್ಲಿದ್ದವು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಭೂಮಾಲೀಕರೇ ತುಂಬಿದ್ದ ಹೈಲ್ಯಾಂಡ್ ಸೊಸೈಟಿಯೂ ಇತ್ತು. ಕಾನೂನಿನಿಂದ ಹಡಗಿನ ದರ ಬಡವರ ಕೈಗೆ ಎಟುಕದಷ್ಟು ಏರಿತು, ಕೂಲಿಗಳು ದ್ವೀಪದಲ್ಲೇ ಉಳಿದರು. ಕರುಣೆಯ ಮಾತಿನ ಹಿಂದೆ ಕೆಲ್ಪ್‌ನ ಲಾಭವಿತ್ತು ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ.

ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಕೆಲ್ಪ್‌ನ ಬೆಲೆ ಬಿತ್ತು. ಉಳಿಸಿಕೊಂಡಿದ್ದ ಜನ ಈಗ ಹೊರೆಯಾದರು. ಸೌತ್ ಯೂಯಿಸ್ಟ್ ಆ ಹೊತ್ತಿಗೆ ಗಾರ್ಡನ್ ಆಫ್ ಕ್ಲೂನಿ ಎಂಬ ಶ್ರೀಮಂತನ ಕೈ ಸೇರಿತ್ತು. 1851ರಲ್ಲಿ ಅವನ ಜಮೀನುಗಳಿಂದ ಸಾವಿರಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿ ಕೆನಡಾದ ಹಡಗು ಹತ್ತಿಸಲಾಯಿತು. ಐವತ್ತು ವರ್ಷಗಳ ಅಂತರದಲ್ಲಿ ಒಂದೇ ಲೆಕ್ಕದ ಪುಸ್ತಕ ದ್ವೀಪದವರನ್ನು ಮೊದಲು ಹಡಗು ಹತ್ತದಂತೆ ತಡೆಯಿತು, ಆಮೇಲೆ ಬಲವಂತವಾಗಿ ಹತ್ತಿಸಿತು. ಎರಡೂ ಸಲ ‘ಅವರ ಒಳ್ಳೆಯದಕ್ಕೇ’ ಎಂಬ ಮಾತು ಜೊತೆಗಿತ್ತು. ಇಂಥ ನೆಲದಲ್ಲಿ ಉದ್ಯಮಿಗಳ ಗುಂಪೊಂದು ಸಮುದಾಯದ ಹೆಸರು ಹೇಳಿದರೆ ಯಾರಾದರೂ ಹುಬ್ಬೇರಿಸಿದರೆ ಅದು ತಪ್ಪೆನ್ನಲಾಗದು.

*

ಹಾಗಿದ್ದರೆ 1803ರ ಭೂಮಾಲೀಕರಿಗೂ 2023ರ ಉದ್ಯಮಿಗಳಿಗೂ ಏನು ವ್ಯತ್ಯಾಸ? ಒಬ್ಬರು ಸ್ವಾರ್ಥಿಗಳು, ಇನ್ನೊಬ್ಬರು ನಿಸ್ವಾರ್ಥಿಗಳು ಎಂದು ಹೇಳಿದರೆ ಉತ್ತರ ಸುಲಭವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಇಬ್ಬರಿಗೂ ತಮ್ಮ ಹಿತ ಇದೆ. ವ್ಯತ್ಯಾಸ ಇರುವುದು ಆ ಹಿತ ಎಲ್ಲಿ ಬೇರು ಬಿಟ್ಟಿದೆ ಎಂಬಲ್ಲಿ.

ಭೂಮಾಲೀಕನಿಗೆ ದ್ವೀಪ ಖಾಲಿಯಾದರೂ ನಷ್ಟವಿರಲಿಲ್ಲ. ಜನರ ಜಾಗದಲ್ಲಿ ಕುರಿ ಬಂದರೆ ಅವನ ಪುಸ್ತಕದಲ್ಲಿ ಲಾಭವೇ ಕಾಣುತ್ತಿತ್ತು. ಇವತ್ತಿನ ಸೌತ್ ಯೂಯಿಸ್ಟಿನ ಅಂಗಡಿಯವರಿಗೆ ಹಾಗಲ್ಲ. ಶಾಲೆ ಮುಚ್ಚಿದರೆ ಮಕ್ಕಳಿರುವ ಕುಟುಂಬಗಳು ಹೋಗುತ್ತವೆ, ಕುಟುಂಬಗಳು ಹೋದರೆ ಅಂಗಡಿ ನಿಲ್ಲುತ್ತದೆ, ಅಂಗಡಿ ನಿಂತರೆ ಉಳಿದ ಮುದುಕರೂ ಹೊರಡಬೇಕಾಗುತ್ತದೆ. ಊರು ಮುಳುಗಿದರೆ ತಾನೂ ಮುಳುಗುವವನ ಸ್ವಾರ್ಥ ಬೇರೆ, ಊರು ಮುಳುಗಿದರೂ ತಾನು ತೇಲುವವನ ಸ್ವಾರ್ಥ ಬೇರೆ. ಮೊದಲನೆಯದನ್ನು ‘ಹಂಗು’ ಎನ್ನಬಹುದು. ನಮ್ಮಲ್ಲಿ ಹಂಗಿನಲ್ಲಿರುವುದು ಮರ್ಯಾದೆಯ ಮಾತಲ್ಲ. ಆದರೆ ಪ್ರತಿನಿಧಿಗೆ ಹಂಗು ಇರುವುದು ಒಳ್ಳೆಯದೇ. ತಾನು ಹೇಳಿದ್ದರ ಪರಿಣಾಮವನ್ನು ತಾನೂ ಉಣ್ಣಬೇಕಾದವನ ಮಾತಿಗೆ ಒಂದು ತೂಕ ಬರುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಸ್ಮಿತ್ ಎಚ್ಚರಿಸಿದ್ದು ಒಂದೇ ಕಸುಬಿನವರ ಕೂಟದ ಬಗ್ಗೆ. ಸಾವಿರ ಚಿಲ್ಲರೆ ಜನರಿರುವ ದ್ವೀಪದಲ್ಲಿ ಒಂದೇ ಕಸುಬಿನವರ ಕೂಟ ಕಟ್ಟಲು ತಲೆಗಳೇ ಸಾಲುವುದಿಲ್ಲ. ಹೋಟೆಲಿನವರು, ಲಾರಿಯವರು, ಏಡಿ-ಸೀಗಡಿ ಮಾರುವವರು, ಕಟ್ಟಡ ಕಟ್ಟುವವರು ಒಂದೇ ಮೇಜಿಗೆ ಬರಬೇಕು. ಲಾರಿಯವರು ಬಾಡಿಗೆ ಏರಿಸಿದರೆ ಪಕ್ಕದಲ್ಲೇ ಕೂತ ಅಂಗಡಿಯವರ ಜೇಬಿಗೆ ಕತ್ತರಿ. ಒಬ್ಬರ ಅತಿಯಾಸೆಗೆ ಇನ್ನೊಬ್ಬರು ಕಾವಲು. ಜೊತೆಗೆ, ಅಲ್ಲಿ ‘ಉದ್ಯಮಿ’ ಎಂಬುದು ಒಬ್ಬ ಮನುಷ್ಯನ ಪೂರ್ತಿ ಹೆಸರಲ್ಲ. ಹೈಲ್ಯಾಂಡ್ ಪ್ರದೇಶದ ಕ್ರಾಫ್ಟಿಂಗ್ ಪದ್ಧತಿಯಲ್ಲಿ ಸಣ್ಣ ಹಿಡುವಳಿಯಿಂದ ಮಾತ್ರ ಹೊಟ್ಟೆ ತುಂಬುವುದಿಲ್ಲ. ಒಂದು ತುಂಡು ಭೂಮಿ, ನಾಲ್ಕು ಕುರಿ, ಒಂದು ದೋಣಿ, ಬೇಸಿಗೆಯಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೋಣೆ, ಉಳಿದ ಹೊತ್ತು ಇನ್ನೊಂದು ನೌಕರಿ. ಹೀಗೆ ಹಲವು ಕಸುಬುಗಳನ್ನು ಹೊಲಿದು ಬದುಕು ಮಾಡುವುದು ಅಲ್ಲಿಯ ರೂಢಿ. ವ್ಯಾಪಾರಿ, ನೆರೆಯವ, ರೋಗಿ, ಮಗುವಿನ ತಂದೆ, ಎಲ್ಲವೂ ಒಬ್ಬನೇ. ನಗರದಲ್ಲಿ ಈ ಪಾತ್ರಗಳು ಬೇರೆ ಬೇರೆ ಬೀದಿಗಳಲ್ಲಿ ವಾಸಿಸುತ್ತವೆ.

*

ಇಷ್ಟರಿಂದ ಉದ್ಯಮಿಗಳ ಗುಂಪೇ ಸಮುದಾಯ ಎಂದು ತೀರ್ಮಾನಿಸಬಹುದೇ? ಇಲ್ಲ. ಅದೇ ದ್ವೀಪಸಾಲಿನ ಉತ್ತರದ ತುದಿಯಲ್ಲಿ, 2009ರಲ್ಲಿ ನಡೆದ ಇನ್ನೊಂದು ಹಡಗಿನ ಜಗಳ ಇದನ್ನು ಸ್ಪಷ್ಟಪಡಿಸುತ್ತದೆ.

ಸೌತ್ ಯೂಯಿಸ್ಟಿನವರು ಹೆಚ್ಚಾಗಿ ಕ್ಯಾಥೊಲಿಕರು; ಉತ್ತರದ ಲೂಯಿಸ್ ದ್ವೀಪದಲ್ಲಿ ಕಟ್ಟುನಿಟ್ಟಿನ ಪ್ರೆಸ್ಬಿಟೇರಿಯನ್ ಸಂಪ್ರದಾಯ. ಭಾನುವಾರ ಅಲ್ಲಿ ದೇವರ ದಿನ. ಅಂಗಡಿ ಇರುತ್ತಿರಲಿಲ್ಲ, ಆಟ ಇರುತ್ತಿರಲಿಲ್ಲ, ಸ್ಟಾರ್ನೊವೇ ಬಂದರಿನಿಂದ ಮುಖ್ಯಭೂಮಿಯ ಅಲ್ಲಾಪೂಲ್‌ಗೆ ಹಡಗೂ ಇರಲಿಲ್ಲ. 2009ರ ಜುಲೈ 19ರಂದು ಮೊದಲ ಬಾರಿಗೆ ಭಾನುವಾರದ ಹಡಗು ಹೊರಟಿತು. ಸಮಾನತೆಯ ಕಾನೂನಿನ ಪ್ರಕಾರ ಧಾರ್ಮಿಕ ಕಾರಣಕ್ಕೆ ಸೇವೆ ನಿಲ್ಲಿಸುವಂತಿಲ್ಲ ಎಂದು ಕಂಪನಿ ಹೇಳಿತ್ತು. ಅಂದು ಬಂದರಿನಲ್ಲಿ ಒಂದು ಗುಂಪು ಚಪ್ಪಾಳೆ ತಟ್ಟಿತು, ಇನ್ನೊಂದು ಸಣ್ಣ ಗುಂಪು ಪ್ರಾರ್ಥನೆ ಮಾಡಿತು. ಪ್ರವಾಸೋದ್ಯಮದ ಲೆಕ್ಕದಲ್ಲಿ ಭಾನುವಾರದ ಹಡಗು ಸ್ಪಷ್ಟ ಲಾಭ. ಆದರೆ ಆ ದಿನದ ಮೌನವನ್ನೇ ತಮ್ಮ ಬದುಕಿನ ತಿರುಳು ಎಂದುಕೊಂಡವರಿಗೆ ಅದು ಭರಿಸಲಾಗದ ನಷ್ಟ. ಎರಡೂ ಕಡೆಯವರು ದ್ವೀಪದವರೇ. ದ್ವೀಪ ಮುಳುಗಿದರೆ ಇಬ್ಬರೂ ಮುಳುಗುವವರೇ. ಹಂಗು ಇಬ್ಬರಿಗೂ ಸಮಾನ, ಬೇಡಿಕೆ ಮಾತ್ರ ಎದುರುಬದುರು.

ಸ್ಕಾಟ್ಲೆಂಡಿನ 2018ರ ದ್ವೀಪ ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ. ಸಾರ್ವಜನಿಕ ಸಂಸ್ಥೆಗಳು ತಮ್ಮ ನಿರ್ಧಾರಗಳು ದ್ವೀಪ ಸಮುದಾಯಗಳ ಮೇಲೆ ಬೀರುವ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುವ ಆ ಕಾಯ್ದೆ, ಸಮುದಾಯವನ್ನು ಮೂರು ಬಗೆಯಲ್ಲಿ ಗುರುತಿಸುತ್ತದೆ: ಸಮಾನ ಹಿತ, ಸಮಾನ ಅಸ್ಮಿತೆ, ಸಮಾನ ಭೂಗೋಳ. ಕಾನೂನು ಈ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಬದುಕಿನಲ್ಲಿ ಅವು ಯಾವಾಗಲೂ ಒಂದೇ ಸಾಲಿನಲ್ಲಿ ಇರುವುದಿಲ್ಲ. 2023ರ ಲಾಕ್‌ಬಾಯ್ಸ್‌ಡೇಲ್‌ನಲ್ಲಿ ಮೂರೂ ಒಂದಾಗಿದ್ದವು. ಹಡಗು ಬೇಡ ಎನ್ನುವ ಹಿತವಾಗಲಿ ಅಸ್ಮಿತೆಯಾಗಲಿ ಅಲ್ಲಿರಲಿಲ್ಲ. 2009ರ ಸ್ಟಾರ್ನೊವೇಯಲ್ಲಿ ಭೂಗೋಳ ಒಂದೇ ಆಗಿದ್ದರೂ ಹಿತ ಮತ್ತು ಅಸ್ಮಿತೆ ಬೇರೆ ದಾರಿ ಹಿಡಿದಿದ್ದವು. ಉದ್ಯಮಿಗಳ ಸಂಘ ಮೊದಲನೆಯ ಸಂದರ್ಭದಲ್ಲಿ ಊರಿನ ದನಿಯಾಗಬಹುದು, ಎರಡನೆಯದರಲ್ಲಿ ಊರಿನ ಹಲವು ದನಿಗಳಲ್ಲಿ ಒಂದು ಮಾತ್ರ. ಅದರ ಪ್ರಾತಿನಿಧ್ಯ ಸಂದರ್ಭದಿಂದ ಬಂದದ್ದು, ಸಂದರ್ಭ ಬದಲಾದರೆ ಹೋಗುವಂಥದ್ದು.

ಇದರ ಅರ್ಥ, ಯಾರನ್ನು ಪ್ರತಿನಿಧಿಸುತ್ತೇವೆ ಎಂಬ ಪ್ರಶ್ನೆಗೆ ಇಂಥ ಸಂಘ ಕೊಡಬಹುದಾದ ಉತ್ತರ ಯಾವಾಗಲೂ ಅರೆಬರೆಯೇ. ಚುನಾಯಿತ ಪ್ರತಿನಿಧಿಗೆ ಕನಿಷ್ಠ ಮತದ ಆಧಾರವಿದೆ. ಸೌತ್ ಯೂಯಿಸ್ಟಿನಲ್ಲಿ ಭೂಮಿಯ ವಿಷಯಕ್ಕೆ ಅಂಥ ಸಂಸ್ಥೆಯೂ ಇದೆ. 2006ರಲ್ಲಿ ಅಲ್ಲಿಯ ಜನ ‘ಸ್ಟೋರಸ್ ಯೂಯಿಸ್ಟ್’ ಎಂಬ ಸಮುದಾಯ ಕಂಪನಿಯ ಮೂಲಕ ಸುಮಾರು 93,000 ಎಕರೆ ಎಸ್ಟೇಟನ್ನು 45 ಲಕ್ಷ ಪೌಂಡ್ ಕೊಟ್ಟು ಕೊಂಡುಕೊಂಡರು. ಗಾರ್ಡನ್ ಆಫ್ ಕ್ಲೂನಿ ಒಕ್ಕಲೆಬ್ಬಿಸಿದ ನೆಲ ಅಲ್ಲಿ ಬದುಕುವವರದೇ ಆಯಿತು. ಅದರ ಆಡಳಿತ ಮಂಡಳಿಗೆ ಸದಸ್ಯರ ಮತ ಬೇಕು. ಉದ್ಯಮಿಗಳ ಗುಂಪಿಗೆ ಊರಿನ ಮತ ಇಲ್ಲ. ಮತವಿಲ್ಲದ ಮೇಲೆ ಅದರ ಮಾತಿಗೆ ಏನು ಆಧಾರ?

*

ನನಗೆ ತೋರುವ ಉತ್ತರ: ಅದು ಪ್ರತಿನಿಧಿಯಾಗಿ ಅಲ್ಲ, ಸಾಕ್ಷಿಯಾಗಿ ಮಾತನಾಡಬಹುದು. ಇದು ಸಣ್ಣ ಪಾತ್ರವಲ್ಲ. ಹಡಗುಗಳನ್ನು ಹಂಚುವ ರೀತಿಯನ್ನು ನೋಡಿದರೆ ಇದು ಅರ್ಥವಾಗುತ್ತದೆ.

ಯಾವ ದಾರಿಯ ಹಡಗನ್ನು ಉಳಿಸಬೇಕು, ಯಾವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ನಿರ್ಧರಿಸುವಾಗ ಕಂಪನಿ ಸಹಜವಾಗಿಯೇ ಕೆಲವು ಪ್ರಶ್ನೆ ಕೇಳುತ್ತದೆ. ಎಷ್ಟು ಜನ ಪ್ರಯಾಣಿಸುತ್ತಾರೆ? ಬೇರೆ ದಾರಿ ಇದೆಯೇ? ಸೌತ್ ಯೂಯಿಸ್ಟಿನ ಪ್ರಯಾಣಿಕರು ಕಡಿಮೆ. ಬೇರೆ ದಾರಿಯೂ ಇದೆ: ದ್ವೀಪಗಳನ್ನು ಜೋಡಿಸುವ ಕಟ್ಟೆರಸ್ತೆಗಳ ಮೇಲೆ ಸುಮಾರು 70 ಕಿಲೋಮೀಟರ್ ಉತ್ತರಕ್ಕೆ ಹೋಗಿ, ಲಾಕ್‌ಮ್ಯಾಡಿ ಬಂದರಿನಿಂದ ಸ್ಕೈ ದ್ವೀಪಕ್ಕೆ ಹಡಗು ಹಿಡಿಯಬಹುದು, ಜಾಗ ಸಿಕ್ಕರೆ. ಹಾಗಾಗಿ ಹೆಚ್ಚು ಜನರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ನಿರ್ಧಾರ ಸೌತ್ ಯೂಯಿಸ್ಟಿನ ಹಡಗನ್ನು ಎತ್ತಿಕೊಳ್ಳುವುದರಲ್ಲಿ ಮುಗಿಯುತ್ತದೆ. ಆ ಒಂದು ದಿನದ ಮಟ್ಟಿಗೆ ಇದನ್ನು ಅನ್ಯಾಯ ಎನ್ನುವುದು ಕಷ್ಟ. ಹೆಚ್ಚು ಜನರ ಹೆಚ್ಚು ಹಿತ ಎಂಬ ಉಪಯುಕ್ತತಾವಾದದ ಸೂತ್ರ ಇಷ್ಟು ಅಚ್ಚುಕಟ್ಟಾಗಿ ಅನ್ವಯವಾಗುವ ಸಂದರ್ಭಗಳು ಅಪರೂಪ.

ಆದರೆ ಅದೇ ಸೂತ್ರವನ್ನು ಪ್ರತಿ ಸಲವೂ ಹಾಕಿ ನೋಡಿ. ಸಂಖ್ಯೆ ಬದಲಾಗುವುದಿಲ್ಲ, ಭೂಗೋಳ ಬದಲಾಗುವುದಿಲ್ಲ, ಆದ್ದರಿಂದ ಉತ್ತರವೂ ಬದಲಾಗುವುದಿಲ್ಲ. ಪ್ರತಿ ನಿರ್ಧಾರವೂ ಸಮರ್ಥನೀಯ. ನಿರ್ಧಾರಗಳ ಸರಣಿ ಮಾತ್ರ ಅನ್ಯಾಯ. ಚಿಕ್ಕ ಸಮುದಾಯಗಳು ಎದುರಿಸುವ ಅನ್ಯಾಯಕ್ಕೆ ಹೆಚ್ಚಾಗಿ ಇದೇ ರೂಪ. ಅಲ್ಲಿ ಖಳನಾಯಕ ಇರುವುದಿಲ್ಲ, ಒಂದು ಕೋಷ್ಟಕ ಇರುತ್ತದೆ. 1977ರಲ್ಲಿ ಜಾನ್ ಟೌರೆಕ್ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞ, ಐವರನ್ನು ಉಳಿಸುವುದೋ ಒಬ್ಬನನ್ನು ಉಳಿಸುವುದೋ ಎಂಬ ಸಂದರ್ಭದಲ್ಲಿ ಸಂಖ್ಯೆಯನ್ನು ಎಣಿಸುವುದೇ ತಪ್ಪಿರಬಹುದು, ನಾಣ್ಯ ಚಿಮ್ಮಿ ಎಲ್ಲರಿಗೂ ಸಮಾನ ಅವಕಾಶ ಕೊಡಬಹುದು ಎಂದು ವಾದಿಸಿದ್ದ. ಜೀವ ಉಳಿಸುವ ವಿಷಯದಲ್ಲಿ ಈ ವಾದವನ್ನು ಒಪ್ಪುವವರು ಕಡಿಮೆ. ಆದರೆ ಮತ್ತೆ ಮತ್ತೆ ಬರುವ ಕಷ್ಟವನ್ನು ಹಂಚುವ ವಿಷಯದಲ್ಲಿ ಅದರ ಕಾಳಜಿ ನಿಜವಾದದ್ದು. ಸಂಖ್ಯೆಯಲ್ಲಿ ಕಡಿಮೆ ಇರುವವರು ಎಂದೂ ಗೆಲ್ಲದ ಆಟವನ್ನು ನ್ಯಾಯ ಎಂದು ಕರೆಯುವುದು ಹೇಗೆ?

ಈ ಸರಣಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆಸ್ಪತ್ರೆಗೆ ಹೋಗಬೇಕಾದವರು ಒಂದು ಸಲ ಹಡಗು ತಪ್ಪಿಸಿಕೊಂಡು ಕಷ್ಟಪಡುತ್ತಾರೆ, ಇನ್ನೊಂದು ದಿನ ಹೋಗಿ ಬರುತ್ತಾರೆ. ಅಂತ್ಯಕ್ರಿಯೆಗೆ ತಲುಪಲಾಗದ ಮಗ ಆ ನೋವನ್ನು ಮನೆಯೊಳಗೇ ಇಟ್ಟುಕೊಳ್ಳುತ್ತಾನೆ. ಪ್ರತಿಯೊಬ್ಬರ ಅನುಭವವೂ ಬಿಡಿ ಘಟನೆ. ಲೆಕ್ಕದ ಪುಸ್ತಕ ಇಟ್ಟವರಿಗೆ ಮಾತ್ರ ಘಟನೆಗಳು ಒಂದರ ಕೆಳಗೊಂದು ಕಾಣುತ್ತವೆ: ರದ್ದಾದ ಬುಕಿಂಗ್, ಮಾರುಕಟ್ಟೆ ಮುಟ್ಟದ ಏಡಿ, ತಡವಾದ ಸಿಮೆಂಟ್, ತಾರೀಖು ಸಹಿತ. ಎಲ್ಲೆಲ್ಲೋ ಚದುರಿದ ಕಷ್ಟವನ್ನು ಒಂದು ಆಕಾರಕ್ಕೆ ತಂದು ಸರ್ಕಾರದ ಮುಂದಿಡಲು ಉದ್ಯಮಿಗಳ ಸಂಘಕ್ಕೆ ಸಾಧ್ಯವಾಗುವುದು ಇದಕ್ಕೇ. ಅದರ ನೈತಿಕ ಬಲ ಅದರ ನಿಸ್ವಾರ್ಥದಲ್ಲಿಲ್ಲ, ಅದರ ದಾಖಲೆಯಲ್ಲಿದೆ. ಗಲ್ಲಾಪೆಟ್ಟಿಗೆಯೇ ಇಲ್ಲಿ ಊರಿನ ನೆನಪಿನ ಪೆಟ್ಟಿಗೆ.

*

ಇಲ್ಲಿಂದಲೇ ಕಷ್ಟದ ಭಾಗ ಶುರು. ನಷ್ಟ ಸಾಕ್ಷಿಯಾಗಿರುವವರೆಗೆ ಸರಿ. ಅದೇ ವಾದದ ಅಡಿಪಾಯವಾದರೆ ಊರಿಗೆ ಅಪಾಯ.

ವ್ಯತ್ಯಾಸ ಹೀಗೆ. ‘ನಮಗೂ ಇತರ ನಾಗರಿಕರಂತೆ ಓಡಾಡುವ ಹಕ್ಕಿದೆ, ಆ ಹಕ್ಕು ಮತ್ತೆ ಮತ್ತೆ ಮುರಿಯಲ್ಪಟ್ಟಿದೆ, ನೋಡಿ ನಮ್ಮ ನಷ್ಟ’ ಎಂಬುದು ಒಂದು ವಾದ. ‘ಇಷ್ಟು ಪೌಂಡ್ ನಷ್ಟವಾಗುತ್ತಿದೆ, ಆದ್ದರಿಂದ ಹಡಗು ಕೊಡಿ’ ಎಂಬುದು ಇನ್ನೊಂದು. ಎರಡನೆಯದು ಕಿವಿಗೆ ಹೆಚ್ಚು ವಾಸ್ತವಿಕ, ಹೆಚ್ಚು ಪ್ರಬುದ್ಧ ಎನಿಸುತ್ತದೆ. ಆದರೆ ಅದಕ್ಕೆ ಎರಡು ಉತ್ತರಗಳು ಸಿದ್ಧವಾಗಿವೆ. ಮೊದಲನೆಯದು: ಹಡಗು ಬೇಡ, ನಷ್ಟದ ದುಡ್ಡು ತಗೊಳ್ಳಿ. ಎರಡನೆಯದು ಇನ್ನೂ ಕ್ರೂರ: ನಿಮ್ಮ ದ್ವೀಪ ಗಳಿಸುವುದಕ್ಕಿಂತ ನಿಮಗೆ ಹಡಗು ಓಡಿಸುವ ಖರ್ಚೇ ಜಾಸ್ತಿ, ಆದ್ದರಿಂದ ನೀವೇ ಬೇರೆ ಕಡೆ ಹೋಗಿ. ಗಾರ್ಡನ್ ಆಫ್ ಕ್ಲೂನಿ ಹಾಕಿದ ಲೆಕ್ಕ ಎರಡನೆಯದೇ. ಬೆಲೆಯ ಭಾಷೆಯಲ್ಲಿ ಗೆದ್ದವರು ಬೆಲೆಯ ಭಾಷೆಯಲ್ಲೇ ಸೋಲಬೇಕಾದೀತು.

ಮೊದಲನೆಯ ಉತ್ತರ ಈಗಾಗಲೇ ಅರ್ಧ ಬಂದಾಗಿದೆ. 2025ರಲ್ಲಿ ಸ್ಕಾಟಿಷ್ ಸರ್ಕಾರ ಹಡಗುಗಳ ಅಡಚಣೆಯಿಂದ ಹೆಚ್ಚು ಪೆಟ್ಟು ತಿಂದ ದ್ವೀಪಗಳ ಉದ್ಯಮಗಳಿಗಾಗಿ 44 ಲಕ್ಷ ಪೌಂಡ್‌ವರೆಗಿನ ನಿಧಿಯೊಂದನ್ನು ಘೋಷಿಸಿತು. ಇದು ಒಳ್ಳೆಯದೇ, ನಷ್ಟವಾದವರಿಗೆ ಪರಿಹಾರ ಸಿಗಬೇಕು. ಆದರೆ ಈ ನಿಧಿ ಯಾರ ಕೈಗೆ ಹೋಗುತ್ತದೆ ಎಂದು ನೋಡಿದರೆ ನಾನು ಹೇಳುತ್ತಿರುವ ಆತಂಕ ಕಾಣುತ್ತದೆ. ಲೆಕ್ಕ ಇದ್ದವರಿಗೆ ಪರಿಹಾರ ಇದೆ. ಅಂತ್ಯಕ್ರಿಯೆಗೆ ತಲುಪದ ಮಗನಿಗೆ ಬಿಲ್ಲು ಇಲ್ಲ. ವಾಪಸು ಬಂದು ನೆಲೆಸೋಣವೆಂದು ಯೋಚಿಸಿ, ಹಡಗಿನ ಸ್ಥಿತಿ ನೋಡಿ ಗ್ಲಾಸ್ಗೋದಲ್ಲೇ ಉಳಿದ ಹುಡುಗಿಯ ಹೆಸರು ಯಾವ ಪುಸ್ತಕದಲ್ಲೂ ಇರಲಾರದು. ಬರದೇ ಹೋದವರನ್ನು ಎಣಿಸುವ ಲೆಕ್ಕಶಾಸ್ತ್ರ ಇನ್ನೂ ಹುಟ್ಟಿಲ್ಲ.

ದ್ವೀಪಗಳು ಖಾಲಿಯಾಗುವುದು ಹೀಗೆ ಬರದೇ ಹೋದವರಿಂದ, ಹೋಗಿ ಮರಳದವರಿಂದ. ಯೂಯಿಸ್ಟ್ ದ್ವೀಪಗಳ ಪಶ್ಚಿಮಕ್ಕೆ ಸಾಗರದ ನಡುವೆ ಇರುವ ಸೇಂಟ್ ಕಿಲ್ಡಾದಲ್ಲಿ ನೂರಾರು ವರ್ಷ ಜನ ಬದುಕಿದ್ದರು. ಒಬ್ಬೊಬ್ಬರೇ ಯುವಕರು ಹೊರಟುಹೋಗಿ, ದೋಣಿ ಹುಟ್ಟು ಹಾಕಲು, ಕುರಿ ಹಿಡಿಯಲು ಸಾಕಷ್ಟು ಕೈಗಳೇ ಇಲ್ಲದಂತಾದಾಗ ಉಳಿದವರು ತಮ್ಮನ್ನು ಕರೆದೊಯ್ಯುವಂತೆ ತಾವೇ ಸರ್ಕಾರಕ್ಕೆ ಅರ್ಜಿ ಬರೆದರು. 1930ರ ಆಗಸ್ಟ್ 29ರಂದು ಕೊನೆಯ 36 ಜನ ಹಡಗು ಹತ್ತಿದರು. ಅಲ್ಲಿ ಯಾರೂ ಅವರನ್ನು ಒಕ್ಕಲೆಬ್ಬಿಸಲಿಲ್ಲ. ಸಮುದಾಯ ತನ್ನ ದನಿಯಲ್ಲೇ ತನ್ನ ಅಂತ್ಯವನ್ನು ಕೇಳಿಕೊಂಡಿತು. ಅಷ್ಟು ಹೊತ್ತಿಗೆ ಬೇರೇನನ್ನಾದರೂ ಕೇಳುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ.

ಪರಿಹಾರದ ಹಣಕ್ಕೂ ಹಕ್ಕಿಗೂ ಇರುವ ಈ ಅಂತರ ಕನ್ನಡ ಓದುಗರಿಗೆ ಹೊಸದೇನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ಹಿನ್ನೀರು ತುಮರಿ ಸುತ್ತಮುತ್ತಲ ಊರುಗಳನ್ನು ದ್ವೀಪದಂತೆ ಮಾಡಿತು. ಸಾಗರ ಪೇಟೆಗೆ ಬರಲು ಅಲ್ಲಿಯವರಿಗೆ ಲಾಂಚ್ ಬೇಕಾಯಿತು. ಸೇತುವೆ ತೆರೆದದ್ದು 2025ರ ಜುಲೈ 14ರಂದು. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟುಕೊಟ್ಟವರು ಒಂದು ಸೇತುವೆಗೆ ಆರು ದಶಕ ಕಾದರು. ಆ ಸೇತುವೆಯ ಮೇಲೆ ಎಷ್ಟು ವಾಹನ ಓಡಾಡುತ್ತವೆ, ಖರ್ಚು ಹುಟ್ಟುತ್ತದೆಯೇ ಎಂದು ಕೇಳುವುದು ಸಾಧ್ಯ. ಆದರೆ ಅದು ಕೇಳಬೇಕಾದ ಮೊದಲ ಪ್ರಶ್ನೆಯಲ್ಲ ಎಂದು ನಮಗೆ ತಟ್ಟನೆ ಹೊಳೆಯುತ್ತದೆ. ಸೌತ್ ಯೂಯಿಸ್ಟಿನ ಹಡಗಿಗೂ ಅದೇ ಮಾತು ಅನ್ವಯ.

*

ಹಾಗಾಗಿ ಊರಿನ ಪರವಾಗಿ ಎದ್ದು ನಿಲ್ಲುವ ಉದ್ಯಮಿಗಳ ಸಂಘಕ್ಕೆ ಕೆಲವು ಕರ್ತವ್ಯಗಳು ಹುಟ್ಟುತ್ತವೆ ಎಂದು ನನ್ನ ಅಭಿಪ್ರಾಯ. ತಾನು ಯಾರು ಎಂಬುದನ್ನು ಮುಚ್ಚಿಡದಿರುವುದು ಮೊದಲನೆಯದು. ತಮ್ಮ ಗುಂಪಿನ ಹೆಸರಿನಲ್ಲೇ ‘ಬಿಸಿನೆಸ್’ ಎಂದು ಹಾಕಿಕೊಂಡ ಸೌತ್ ಯೂಯಿಸ್ಟಿನವರು ಇದನ್ನು ಮಾಡಿದ್ದಾರೆ. ಹಿತ ಮತ್ತು ಅಸ್ಮಿತೆ ಬೇರೆಯಾದ ದಿನ, ಸ್ಟಾರ್ನೊವೇಯಲ್ಲಿ ಆದಂತೆ, ‘ಇದು ನಮ್ಮ ಮಾತು, ಇಡೀ ಊರಿನದಲ್ಲ’ ಎಂದು ಒಪ್ಪಿಕೊಳ್ಳುವುದು ಎರಡನೆಯದು. ಎಲ್ಲಕ್ಕಿಂತ ಕಷ್ಟದ್ದು ಮೂರನೆಯದು: ತನ್ನ ಪುಸ್ತಕದಲ್ಲಿ ಜಾಗವಿಲ್ಲದ ನಷ್ಟಗಳನ್ನೂ ಸರ್ಕಾರದ ಬಾಗಿಲಿಗೆ ಹೊತ್ತೊಯ್ಯುವುದು. ಬಾಗಿಲು ತೆರೆಸುವ ಶಕ್ತಿ ಅಂಕಿ-ಅಂಶಕ್ಕಿದೆ ಎಂದಾದರೆ, ಅಂಕಿ ಹಿಡಿದು ಹೋದವನು ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಳ್ಳಬಾರದು. ಹಿಂದೆ ಅಂಕಿಯಿಲ್ಲದವರ ಸಾಲಿದೆ. ಪರಿಹಾರ ನಿಧಿ ಬಂದ ಮೇಲೂ ಅದೇ ಸಂಘ ಹಡಗಿಗಾಗಿ ಮೊದಲಿನಷ್ಟೇ ಜೋರಾಗಿ ಕೇಳುತ್ತದೆಯೇ ಎಂಬುದು ಅದರ ನಿಜವಾದ ಪರೀಕ್ಷೆ.

ಆದರೆ ಕರ್ತವ್ಯಗಳ ಪಟ್ಟಿಯನ್ನು ಮಾತನಾಡುವವರಿಗೆ ಮಾತ್ರ ಕೊಟ್ಟು ಸುಮ್ಮನಾಗುವುದು ನ್ಯಾಯವಲ್ಲ. ಕೇಳುವವರ ಕಡೆಗೂ ನೋಡಬೇಕು. ಪ್ರಾತಿನಿಧ್ಯದ ಚರ್ಚೆಗಳಲ್ಲಿ ನಾವು ‘ಯಾರು ಮಾತನಾಡಬಹುದು’ ಎಂದು ಪುಟಗಟ್ಟಲೆ ಬರೆಯುತ್ತೇವೆ. ‘ಯಾವ ಭಾಷೆಯಲ್ಲಿ ಹೇಳಿದರೆ ಮಾತ್ರ ಕೇಳಿಸುತ್ತದೆ’ ಎಂಬ ಪ್ರಶ್ನೆಗೆ ಅಷ್ಟು ಜಾಗ ಸಿಗುವುದಿಲ್ಲ. ಒಂದು ದ್ವೀಪದ ರೋಗಿಗಳು, ವಿದ್ಯಾರ್ಥಿಗಳು, ವೃದ್ಧರು ಹೇಳಿದಾಗ ಕೇಳಿಸದ್ದು, ಉದ್ಯಮಿಗಳು ಪೌಂಡಿನಲ್ಲಿ ಹೇಳಿದಾಗ ಕೇಳಿಸಿದರೆ, ಉದ್ಯಮಿಗಳು ಮುಂದೆ ಬಂದದ್ದರಲ್ಲಿ ಅನುಮಾನಿಸಲು ಹೆಚ್ಚೇನಿಲ್ಲ. ಅನುಮಾನಿಸಬೇಕಾದದ್ದು ಆ ಕಿವಿಯನ್ನು. ವರ್ತಕರ ಸಂಘ ಊರಿನ ದನಿಯಾಗಬೇಕಾಗಿ ಬಂದಿದೆ ಎಂದರೆ, ಊರಿನ ಉಳಿದ ದನಿಗಳಿಗೆ ಕಿವಿಗೊಡುವವರು ಯಾರೂ ಇರಲಿಲ್ಲ ಎಂದೇ ಅರ್ಥ.